ಕಾಣದ ಬಟನ್, ಬಾರದ ಕ್ಲಿಕ್: ಸ್ವಿಂಗ್ ವಿಂಡೋದಲ್ಲಿ ತಪ್ಪು ಹುಡುಕುವ ಕ್ರಮ

ಜಾವಾದಲ್ಲಿ ವಿಂಡೋ, ಬಟನ್ ಕಟ್ಟಲು ಇರುವ ಸ್ವಿಂಗ್ ಲೈಬ್ರರಿ ಕಲಿಯುವವರು ಪದೇ ಪದೇ ಕೇಳುವುದು ಎರಡೇ ಪ್ರಶ್ನೆ. "ಬಟನ್ ಸೇರಿಸಿದ್ದೇನೆ, ಕಾಣಿಸುತ್ತಿಲ್ಲ." "ಮೌಸ್ ಲಿಸನರ್ ಹಾಕಿದ್ದೇನೆ, ಕ್ಲಿಕ್ ಮಾಡಿದರೆ ಏನೂ ಆಗುತ್ತಿಲ್ಲ." ಎರಡಕ್ಕೂ ಹೆಚ್ಚಿನವರು ಹಚ್ಚುವ ಮುಲಾಮು ಒಂದೇ: ಸಿಕ್ಕಸಿಕ್ಕ ಕಡೆಯೆಲ್ಲ ರಿಪೇಂಟ್, ಅಂದರೆ ಮತ್ತೆ ಬಿಡಿಸು ಅನ್ನುವ ಕರೆ, ಬರೆಯುವುದು. ಒಮ್ಮೊಮ್ಮೆ ಅದು ಕೆಲಸವನ್ನೂ ಮಾಡಿಬಿಡುತ್ತದೆ. ತೊಂದರೆ ಅದೇ. ಯಾಕೆ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಇನ್ನೊಂದು ಬಟನ್ ಸೇರಿಸಿದ ದಿನ ಮತ್ತೆ ಕೆಡುತ್ತದೆ.

ಸ್ವಿಂಗ್ ಬಂದದ್ದು 1998ರಲ್ಲಿ, ಜಾವಾ 1.2ರ ಜೊತೆ. ಅದು ಇವತ್ತಿಗೂ ಬಳಕೆಯಲ್ಲಿದೆ, ಅದರಲ್ಲಿ ಮಾಡುವ ತಪ್ಪುಗಳೂ ಹಾಗೇ ಬಳಕೆಯಲ್ಲಿವೆ. ಹಾಗಾಗಿ ಊಹೆ ಬಿಟ್ಟು ಒಂದು ಕ್ರಮದಲ್ಲಿ ಹುಡುಕೋಣ. ಕಾಂಪೊನೆಂಟ್ (ಬಟನ್, ಲೇಬಲ್‌ನಂಥ ಒಂದೊಂದು ಭಾಗ) ವಿಂಡೋದೊಳಗೆ ಇದೆಯಾ? ಇದ್ದರೆ ಅದಕ್ಕೆ ಅಳತೆ ಇದೆಯಾ? ಅಳತೆ ಇದ್ದರೆ ಅದನ್ನು ಬಿಡಿಸಬೇಕಾದ ಥ್ರೆಡ್‌ಗೆ (ಪ್ರೋಗ್ರಾಮ್‌ನಲ್ಲಿ ಕೆಲಸಗಳನ್ನು ಒಂದಾದ ಮೇಲೊಂದು ಓಡಿಸುವ ಎಳೆಗೆ) ಬಿಡುವಿದೆಯಾ? ಕ್ಲಿಕ್ ವಿಷಯಕ್ಕೆ ಬಂದರೆ ಕೇಳಬೇಕಾದ್ದು ಒಂದೇ: ಅದು ಯಾರ ಮನೆಗೆ ಹೋಯಿತು?

ಇದಕ್ಕೆ ಬೇಕಾಗುವುದು ಜಾಸ್ತಿ ಏನಿಲ್ಲ. ಜಾವಾ 8 ಅಥವಾ ಅದಕ್ಕಿಂತ ಹೊಸದು, ಒಂದು ಎಡಿಟರ್, ಮತ್ತು ಕಣ್ಣೆದುರು ತೆರೆದಿರುವ ಕನ್ಸೋಲ್. ಕ್ಲಾಸ್ ಮತ್ತು ಮೆಥಡ್ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಎಡಿಟರ್‌ನಲ್ಲಿ ಮೊದಲ ನಾಲ್ಕು ಅಕ್ಷರ ಒತ್ತಿದರೆ ಉಳಿದದ್ದನ್ನು ಅದೇ ತೋರಿಸುತ್ತದೆ.

1. ಮೊದಲು ಕನ್ಸೋಲ್ ನೋಡಿ

ಲಿಸನರ್ ಅಂದರೆ ಈವೆಂಟ್ (ಕ್ಲಿಕ್‌ನಂಥ ಘಟನೆ) ನಡೆದಾಗ ಕರೆಯಿರಿ ಅಂತ ನಾವು ಒಪ್ಪಿಸಿಟ್ಟ ಕೋಡ್. ಅದರೊಳಗೆ ಎಕ್ಸೆಪ್ಶನ್, ಅಂದರೆ ಓಡುವಾಗಿನ ದೋಷ, ಬಿದ್ದರೆ ಸ್ವಿಂಗ್ ಪ್ರೋಗ್ರಾಮ್ ನಿಲ್ಲುವುದಿಲ್ಲ. ಕನ್ಸೋಲ್‌ಗೆ ಒಂದಿಷ್ಟು ಸಾಲು ಕಕ್ಕಿ, ಏನೂ ಆಗದವರ ಹಾಗೆ ಮುಂದೆ ಹೋಗುತ್ತದೆ. ನೀವು ಜಾರ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ಓಡಿಸುತ್ತಿದ್ದರೆ ಆ ಸಾಲುಗಳೂ ಕಾಣುವುದಿಲ್ಲ. ಪರೀಕ್ಷೆ ಮಾಡುವಾಗ ಟರ್ಮಿನಲ್‌ನಿಂದಲೇ ಓಡಿಸಿ.

ಅಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಶನ್ ಕಂಡರೆ ಮುಕ್ಕಾಲು ಪಾಲು ಕಾರಣ ಇದು: ಕ್ಲಾಸ್‌ನ ಮೇಲುಗಡೆ ಲೇಬಲ್ ಅನ್ನು ಫೀಲ್ಡ್ ಆಗಿ ಹೇಳಿರುತ್ತೀರಿ. ಕನ್‌ಸ್ಟ್ರಕ್ಟರ್‌ನಲ್ಲಿ ಅದಕ್ಕೆ ಬೆಲೆ ಕೊಡುವಾಗ ಮುಂದೆ ಮತ್ತೆ ಜೆಲೇಬಲ್ ಅಂತ ಟೈಪ್ ಬರೆದಿರುತ್ತೀರಿ. ಆಗ ಅದೇ ಹೆಸರಿನ ಹೊಸ ಲೋಕಲ್ ವೇರಿಯಬಲ್ ಹುಟ್ಟುತ್ತದೆ, ಫೀಲ್ಡ್ ನಲ್ ಆಗಿಯೇ ಉಳಿಯುತ್ತದೆ. ಆ ಒಂದು ಪದ ಅಳಿಸಿದರೆ ಸರಿ.

ಎಕ್ಸೆಪ್ಶನ್ ಇಲ್ಲದಿದ್ದರೆ ಲಿಸನರ್‌ನ ಮೊದಲ ಸಾಲಿಗೇ ಒಂದು ಪ್ರಿಂಟ್ ಹಾಕಿ. ಕ್ಲಿಕ್ ಮಾಡಿದಾಗ ಅದು ಅಚ್ಚಾದರೆ ಈವೆಂಟ್ ಸರಿಯಾಗಿ ಬರುತ್ತಿದೆ, ತಪ್ಪು ತೋರಿಸುವ ಕಡೆ ಇದೆ: 2ನೇ ಹಂತಕ್ಕೆ ಬನ್ನಿ. ಅಚ್ಚಾಗದಿದ್ದರೆ ಸೀದಾ 7ಕ್ಕೆ ಹೋಗಿ.

2. ವಿಂಡೋದ ವಂಶವೃಕ್ಷ ಅಚ್ಚು ಹಾಕಿಸಿ

ಯಾವ ಫ್ರೇಮ್ (ಹೊರಗಿನ ವಿಂಡೋ) ಮೇಲೆ ಬೇಕಾದರೂ ಲಿಸ್ಟ್ ಅನ್ನುವ ಮೆಥಡ್ ಕರೆಯಬಹುದು. ಒಳಗಿರುವ ಎಲ್ಲ ಕಾಂಪೊನೆಂಟ್‌ಗಳನ್ನೂ ತಾಯಿ, ಮಗು, ಮೊಮ್ಮಗು ಅಂತ ಒಳಸರಿಸಿ ಕನ್ಸೋಲ್‌ಗೆ ಬರೆಯುತ್ತದೆ. ಇಷ್ಟು ಉಪಯೋಗದ ಮೆಥಡ್ ಇಷ್ಟು ಕಡಿಮೆ ಜನಕ್ಕೆ ಗೊತ್ತಿರುವುದು ನನಗೆ ಇವತ್ತಿಗೂ ಆಶ್ಚರ್ಯ. ವಿಂಡೋ ತೆರೆದು ಒಂದು ಸೆಕೆಂಡ್ ಆದಮೇಲೆ ಕರೆಯಿರಿ. ಸ್ವಿಂಗ್ ಟೈಮರ್‌ಗೆ 1000 ಮಿಲಿಸೆಕೆಂಡ್ ಕೊಟ್ಟು, ಒಂದೇ ಸಲ ಓಡು ಅಂದರೆ ಸಾಕು. ತೆರೆಯುವ ಮುಂಚೆಯೇ ಕರೆದರೆ ಅಳತೆ ಸೊನ್ನೆ ಅಂತಲೇ ಬರಬಹುದು, ಸುಮ್ನೆ ದಾರಿ ತಪ್ಪುತ್ತೀರಿ.

ಪ್ರತಿ ಸಾಲಿನಲ್ಲೂ ಮೊದಲು ಕ್ಲಾಸ್ ಹೆಸರು, ಆಮೇಲೆ ಅಂಕಿಗಳು. ಉದಾಹರಣೆಗೆ 12,40,75×26 ಅಂದರೆ ತಾಯಿಯ ಎಡ ಅಂಚಿನಿಂದ 12, ಮೇಲಿನ ಅಂಚಿನಿಂದ 40 ಪಿಕ್ಸೆಲ್ ದೂರದಲ್ಲಿದೆ, ಅಗಲ 75, ಎತ್ತರ 26. ಅದರ ಮುಂದೆ ಹಿಡನ್ ಅಂತ ಇದ್ದರೆ ಯಾರೋ ಅಡಗಿಸಿದ್ದಾರೆ. ಇನ್‌ವ್ಯಾಲಿಡ್ ಅಂತ ಇದ್ದರೆ ಲೇಔಟ್ ಲೆಕ್ಕ, ಅಂದರೆ ಯಾರಿಗೆ ಎಲ್ಲಿ ಎಷ್ಟು ಜಾಗ ಅನ್ನುವುದು, ಇನ್ನೂ ಆಗಿಲ್ಲ. ಗ್ಲಾಸ್ ಪೇನ್ (ಇಡೀ ವಿಂಡೋ ಮೇಲೆ ಹಾಸಿದ ಪಾರದರ್ಶಕ ಪದರ) ಅನ್ನುವ ಸಾಲಿನಲ್ಲಿ ಹಿಡನ್ ಇರುವುದು ಮಾಮೂಲು, ಅದಕ್ಕೆ ಗಾಬರಿ ಬೇಡ.

ಈಗ ನಿಮ್ಮ ಬಟನ್ ಹುಡುಕಿ. ಸಾಲೇ ಇಲ್ಲವೆಂದರೆ 3. ಸಾಲಿದೆ, ಆದರೆ 0×0 ಅಂತಿದೆ ಅಂದರೆ 4. ಅಳತೆಯೂ ಸರಿಯಿದೆ, ಆದರೂ ಕಾಣುತ್ತಿಲ್ಲವೆಂದರೆ 5 ಮತ್ತು 6.

3. ಪಟ್ಟಿಯಲ್ಲೇ ಇಲ್ಲದಿದ್ದರೆ

ಬಟನನ್ನು ಪ್ಯಾನೆಲ್‌ಗೆ (ಬೇರೆ ಕಾಂಪೊನೆಂಟ್‌ಗಳನ್ನು ಇಡುವ ಹಲಗೆಗೆ) ಸೇರಿಸಿ, ಪ್ಯಾನೆಲನ್ನು ಫ್ರೇಮ್‌ಗೆ ಸೇರಿಸಲು ಮರೆಯುವುದು ಎಲ್ಲರೂ ಮಾಡುವುದೇ. ಅದು ಬಿಟ್ಟು ಇನ್ನೆರಡು ಇವೆ.

ಸ್ವಿಂಗ್‌ನಲ್ಲಿ ಒಂದು ಕಾಂಪೊನೆಂಟ್‌ಗೆ ಒಬ್ಬಳೇ ತಾಯಿ. ಒಂದೇ ಬಟನನ್ನು ಎರಡು ಪ್ಯಾನೆಲ್‌ಗೆ ಸೇರಿಸಿದರೆ ಮೊದಲನೆಯದರಿಂದ ಸದ್ದಿಲ್ಲದೆ ಕಿತ್ತುಬರುತ್ತದೆ. ಎರಡು ಕಡೆ ಬೇಕಿದ್ದರೆ ಎರಡು ಬಟನ್ ಮಾಡಿ.

ಇನ್ನೊಂದು ಹೆಚ್ಚು ಕಾಡುವಂಥದ್ದು. ತೆರೆಯ ಮೇಲಿರುವ ಪ್ಯಾನೆಲ್ ಒಂದು, ನಿಮ್ಮ ಲಿಸನರ್ ಬದಲಾಯಿಸುತ್ತಿರುವ ಪ್ಯಾನೆಲ್ ಇನ್ನೊಂದು. ಲಿಸನರ್ ಒಳಗೆ ನ್ಯೂ ಅಂತ ಬರೆದು ಹೊಸ ಪ್ಯಾನೆಲ್ ಹುಟ್ಟಿಸಿ, ಅದಕ್ಕೆ ಬಟನ್ ಸೇರಿಸಿ, ಅದನ್ನೇ ರಿಪೇಂಟ್ ಮಾಡುತ್ತಾ ಕೂತಿರುತ್ತೀರಿ. ಪ್ಯಾನೆಲ್‌ನ ಕನ್‌ಸ್ಟ್ರಕ್ಟರ್‌ನಲ್ಲಿ "ಹುಟ್ಟಿದೆ" ಅಂತ ಒಂದು ಪ್ರಿಂಟ್ ಹಾಕಿ. ಒಂದೇ ಇರಬೇಕಾದ ಕಡೆ ಎರಡು ಸಲ ಅಚ್ಚಾದರೆ ಕಳ್ಳ ಸಿಕ್ಕಿದ. ಹೊಸದು ಹುಟ್ಟಿಸುವ ಬದಲು, ಮೊದಲು ಮಾಡಿದ ಪ್ಯಾನೆಲ್‌ನ ರೆಫರೆನ್ಸ್ ಅನ್ನು, ಅಂದರೆ ಅದನ್ನು ಹಿಡಿದಿರುವ ವೇರಿಯಬಲನ್ನು, ಲಿಸನರ್‌ಗೆ ಕೊಡಿ.

4. ಅಳತೆ ಸೊನ್ನೆ ಇದ್ದರೆ

ಕಾಣದ ಕಾಂಪೊನೆಂಟ್‌ಗಳಲ್ಲಿ ಹೆಚ್ಚಿನವು ಸಿಕ್ಕುವುದು ಇಲ್ಲೇ. ಜಾಗ ಹಂಚುವುದು ಲೇಔಟ್ ಮ್ಯಾನೇಜರ್ ಕೆಲಸ. ಅದಕ್ಕೆ ಕೇಳಬೇಕಾದ ಹೊತ್ತಿನಲ್ಲಿ ನಾವು ಕೇಳಿರುವುದಿಲ್ಲ, ಇಲ್ಲಾ ಅದರ ನಿಯಮ ನಮಗೆ ಗೊತ್ತಿರುವುದಿಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ. ವಿಂಡೋದ ಮೂಲೆ ಹಿಡಿದು ಎಳೆಯಿರಿ. ಬಟನ್ ಫಕ್ಕನೆ ಕಾಣಿಸಿಕೊಂಡಿತಾ? ಹಾಗಿದ್ದರೆ ವಿಂಡೋ ತೆರೆದ ಮೇಲೆ ಬಟನ್ ಸೇರಿಸಿದ್ದೀರಿ, ಲೆಕ್ಕ ಮತ್ತೆ ಹಾಕು ಅಂತ ಹೇಳಿಲ್ಲ. ಸೇರಿಸಿದ ಪ್ಯಾನೆಲ್ ಮೇಲೆ ರಿವ್ಯಾಲಿಡೇಟ್, ಆಮೇಲೆ ರಿಪೇಂಟ್ ಕರೆಯಿರಿ. ಎರಡೂ ಒಂದೇ ಅಲ್ಲ. ರಿವ್ಯಾಲಿಡೇಟ್ ಅಂದರೆ "ಯಾರು ಎಲ್ಲಿ, ಎಷ್ಟಗಲ ಅಂತ ಮತ್ತೆ ಲೆಕ್ಕ ಹಾಕು". ರಿಪೇಂಟ್ ಅಂದರೆ "ಇರುವುದನ್ನು ಇರುವ ಜಾಗದಲ್ಲೇ ಮತ್ತೆ ಬಿಡಿಸು". ಅಳತೆ 0×0 ಇರುವ ಬಟನನ್ನು ನೂರು ಸಲ ರಿಪೇಂಟ್ ಮಾಡಿದರೂ ಬಿಡಿಸುವುದು ಸೊನ್ನೆ ಪಿಕ್ಸೆಲ್ಲನ್ನೇ. ತೆಗೆದುಹಾಕುವಾಗ ಮಾತ್ರ ರಿಪೇಂಟ್ ಮರೆಯಬೇಡಿ. ಮರೆತರೆ ಹೋದ ಬಟನ್‌ನ ಚಿತ್ರ ದೆವ್ವದ ಹಾಗೆ ಅಲ್ಲೇ ನಿಂತಿರುತ್ತದೆ.

ಶುರುವಿನಲ್ಲೇ ಇರಬೇಕಾದ ಕಾಂಪೊನೆಂಟ್‌ಗಳಿಗೆ ಕ್ರಮ ಸುಲಭ: ಎಲ್ಲ ಸೇರಿಸಿ, ಪ್ಯಾಕ್ ಕರೆಯಿರಿ, ಕೊನೆಗೆ ಸೆಟ್‌ವಿಸಿಬಲ್. ಪ್ಯಾಕ್ ಅಂದರೆ ಒಳಗಿರುವವಕ್ಕೆ ಬೇಕಾದಷ್ಟು ಅಗಲಕ್ಕೆ ವಿಂಡೋ ಹೊಂದಿಸುವುದು. ಪ್ಯಾಕ್ ಅಥವಾ ಸೆಟ್‌ಸೈಜ್ ಎರಡೂ ಇಲ್ಲದಿದ್ದರೆ ಬರೀ ಟೈಟಲ್ ಪಟ್ಟಿ ಕಾಣುತ್ತದೆ.

ಇನ್ನು ಲೇಔಟ್‌ಗಳ ಗುಣ. ಜೆಫ್ರೇಮ್‌ಗೆ ತಾನಾಗಿ ಇರುವುದು ಬಾರ್ಡರ್ ಲೇಔಟ್. ದಿಕ್ಕು ಹೇಳದೆ ಸೇರಿಸಿದರೆ ನಡುವಿಗೆ ಹೋಗುತ್ತದೆ, ನಡುವಿನಲ್ಲಿ ಜಾಗ ಒಬ್ಬರಿಗೇ. ಎರಡು ಬಟನನ್ನು ಸುಮ್ಮನೆ ಫ್ರೇಮ್‌ಗೆ ಸೇರಿಸಿ ಲಿಸ್ಟ್ ಕರೆದು ನೋಡಿ. ಎರಡೂ ಪಟ್ಟಿಯಲ್ಲಿರುತ್ತವೆ. ಆದರೆ ಎರಡನೆಯದು ಇಡೀ ವಿಂಡೋ ತುಂಬಿರುತ್ತದೆ, ಮೊದಲನೆಯದು 0,0,0×0 ಅಂತ ಮೂಲೆ ಸೇರಿರುತ್ತದೆ. "ಕೊನೇದು ಮಾತ್ರ ಕಾಣುತ್ತೆ" ಅನ್ನುವ ದೂರಿಗೆಲ್ಲ ಉತ್ತರ ಇದೇ. ಎರಡನ್ನೂ ಒಂದು ಜೆಪ್ಯಾನೆಲ್‌ಗೆ ಹಾಕಿ, ಆ ಪ್ಯಾನೆಲನ್ನು ಫ್ರೇಮ್‌ಗೆ ಹಾಕಿ.

ಜೆಪ್ಯಾನೆಲ್‌ಗೆ ತಾನಾಗಿ ಇರುವುದು ಫ್ಲೋ ಲೇಔಟ್. ಸಾಲಾಗಿ ಜೋಡಿಸಿ, ಜಾಗ ಸಾಲದಿದ್ದರೆ ಕೆಳಗಿನ ಸಾಲಿಗೆ ತಳ್ಳುತ್ತದೆ. ಆದರೆ ತನಗೆಷ್ಟು ಎತ್ತರ ಬೇಕು ಅಂತ ಕೇಳಿದಾಗ ಒಂದೇ ಸಾಲಿನ ಲೆಕ್ಕ ಹೇಳುತ್ತದೆ. ಹಾಗಾಗಿ ಎರಡನೇ ಸಾಲಿನ ಬಟನ್‌ಗಳು ಕತ್ತರಿಸಿ ಹೋಗುತ್ತವೆ.

ಗ್ರಿಡ್‌ಬ್ಯಾಗ್ ಲೇಔಟ್‌ನಲ್ಲಿ ಬೇಕಾದ ಅಗಲ ಸಿಗದಿದ್ದರೆ ಟೆಕ್ಸ್ಟ್ ಫೀಲ್ಡ್ ಒಮ್ಮೆಲೇ ಕಡ್ಡಿಯಷ್ಟು ಸಣ್ಣಗಾಗುತ್ತದೆ. ವೇಟ್‌ಎಕ್ಸ್‌ಗೆ ಸೊನ್ನೆಗಿಂತ ದೊಡ್ಡ ಬೆಲೆ ಕೊಟ್ಟು, ಫಿಲ್ ಅನ್ನು ಅಡ್ಡಕ್ಕೆ ಹೊಂದಿಸಿ.

ಲೇಔಟೇ ಬೇಡ ಅಂತ ನಲ್ ಕೊಟ್ಟವರಿಗೆ ಒಂದು ಮಾತು. ಆಮೇಲೆ ಪ್ರತಿಯೊಂದಕ್ಕೂ ಸೆಟ್‌ಬೌಂಡ್ಸ್ ನೀವೇ ಕೊಡಬೇಕು, ಒಂದು ಮರೆತರೆ ಅದು 0×0. ಅಂಥ ಪ್ಯಾನೆಲನ್ನು ಸ್ಕ್ರೋಲ್ ಪೇನ್ ಒಳಗಿಟ್ಟರೆ ಸ್ಕ್ರೋಲ್ ಪಟ್ಟಿ ಬರುವುದೇ ಇಲ್ಲ, ಯಾಕೆಂದರೆ ತನಗೆ ಎಷ್ಟು ಜಾಗ ಬೇಕು ಅಂತ ಆ ಪ್ಯಾನೆಲ್‌ಗೇ ಗೊತ್ತಿಲ್ಲ. ನನ್ನ ಸಲಹೆ ಕೇಳಿದರೆ, ಎಳೆದಾಡುವ ಆಟದ ಬೋರ್ಡ್‌ನಂಥದ್ದಕ್ಕೆ ಬಿಟ್ಟು ಬೇರೆಲ್ಲೂ ನಲ್ ಲೇಔಟ್ ಬೇಡ.

5. ಅಳತೆ ಇದೆ, ಚಿತ್ರ ಇಲ್ಲ

ನೀವೇ ಗೆರೆ, ವೃತ್ತ ಬಿಡಿಸುತ್ತಿದ್ದರೆ ಪೇಂಟ್‌ಕಾಂಪೊನೆಂಟ್ ಅನ್ನುವ ಮೆಥಡನ್ನೇ ಓವರ್‌ರೈಡ್ ಮಾಡಿ, ಅಂದರೆ ನಿಮ್ಮ ಕ್ಲಾಸ್‌ನಲ್ಲಿ ಅದೇ ಹೆಸರಿನಲ್ಲಿ ಮತ್ತೆ ಬರೆಯಿರಿ. ಮೇಲೆ ಓವರ್‌ರೈಡ್ ಅನೊಟೇಶನ್ ಇರಲಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ಕಂಪೈಲರ್ ಹಿಡಿದುಕೊಡುತ್ತದೆ. ಅದಿಲ್ಲದಿದ್ದರೆ ನಿಮ್ಮ ಮೆಥಡನ್ನು ಯಾರೂ ಕರೆಯದೆ ಅದು ಅನಾಥವಾಗಿ ಬಿದ್ದಿರುತ್ತದೆ. ಒಳಗೆ ಮೊದಲ ಸಾಲು ಸೂಪರ್‌ನ ಪೇಂಟ್‌ಕಾಂಪೊನೆಂಟ್ ಕರೆ. ಅದನ್ನು ಬಿಟ್ಟರೆ ಹಳೇ ಚಿತ್ರದ ಮೇಲೇ ಹೊಸದು ಬಿದ್ದು ಕಲಸುಮೇಲೋಗರ ಆಗುತ್ತದೆ.

ಗೆಟ್‌ಗ್ರಾಫಿಕ್ಸ್ ಕರೆದು ಲಿಸನರ್‌ನಿಂದ ನೇರವಾಗಿ ಬಿಡಿಸಬೇಡಿ. ಬಿಡಿಸಿದ್ದು ಕಾಣುತ್ತದೆ, ನಿಜ. ವಿಂಡೋ ಸಣ್ಣದು ಮಾಡಿ ಮತ್ತೆ ತೆರೆದರೆ ಮಾಯ. ಲಿಸನರ್ ಮಾಡಬೇಕಾದ್ದು ಎರಡೇ: ಎಲ್ಲಿ ಏನು ಇದೆ ಅನ್ನುವ ಮಾಹಿತಿಯನ್ನು ಫೀಲ್ಡ್‌ನಲ್ಲಿ ಬರೆದಿಡುವುದು, ರಿಪೇಂಟ್ ಕರೆಯುವುದು. ಬಿಡಿಸುವ ಕೆಲಸ ಪೇಂಟ್‌ಕಾಂಪೊನೆಂಟ್‌ನದ್ದು.

ಖಾಲಿ ಜೆಪ್ಯಾನೆಲ್ ಕೇಳುವ ಜಾಗ ಬರೀ 10×10 ಪಿಕ್ಸೆಲ್. ಪ್ಯಾಕ್ ಮಾಡಿದರೆ ನಿಮ್ಮ ಚಿತ್ರ ಚುಕ್ಕಿಯಷ್ಟಾಗುವುದು ಇದಕ್ಕೇ. ಗೆಟ್‌ಪ್ರಿಫರ್ಡ್‌ಸೈಜ್ ಓವರ್‌ರೈಡ್ ಮಾಡಿ ಬೇಕಾದ ಅಳತೆ ಹೇಳಿ.

ಲೇಬಲ್‌ಗೆ ಹಿನ್ನೆಲೆ ಬಣ್ಣ ಕೊಟ್ಟರೂ ಬರುತ್ತಿಲ್ಲವೇ? ಜೆಲೇಬಲ್ ಹುಟ್ಟಿನಿಂದ ಪಾರದರ್ಶಕ. ಸೆಟ್‌ಒಪೇಕ್‌ಗೆ ಟ್ರೂ ಕೊಡಿ, ಮುಗಿಯಿತು.

6. ಥ್ರೆಡ್‌ಗೆ ಬಿಡುವಿಲ್ಲದಿದ್ದರೆ

ಸ್ವಿಂಗ್‌ನಲ್ಲಿ ಬಿಡಿಸುವುದೂ, ಮೌಸ್ ಮಾತು ಕೇಳುವುದೂ ಒಂದೇ ಥ್ರೆಡ್. ಅದರ ಹೆಸರು ಈವೆಂಟ್ ಡಿಸ್ಪ್ಯಾಚ್ ಥ್ರೆಡ್. ನಿಮ್ಮ ಲಿಸನರ್ ಓಡುವುದೂ ಅದರಲ್ಲೇ. ಲಿಸನರ್‌ನಲ್ಲಿ ಲೇಬಲ್‌ಗೆ "ಲೋಡ್ ಆಗುತ್ತಿದೆ" ಅಂತ ಬರೆದು, ಮುಂದಿನ ಸಾಲಿನಲ್ಲಿ ಐದು ಸೆಕೆಂಡ್ ಹಿಡಿಯುವ ಫೈಲ್ ಓದಿದರೆ, ಆ ಬರಹ ಐದು ಸೆಕೆಂಡ್ ಕಾಣುವುದಿಲ್ಲ. ಒತ್ತಿದ ಬಟನ್ ಒತ್ತಿದ ಹಾಗೇ ಇರುತ್ತದೆ. ಬೇರೆಲ್ಲೂ ಕ್ಲಿಕ್ ಹತ್ತುವುದಿಲ್ಲ. ಗುರುತು ಹಿಡಿಯುವುದು ಇಷ್ಟು ಸುಲಭ. ಇಲ್ಲಿ ಥ್ರೆಡ್ ಸ್ಲೀಪ್ ಬಳಸಿ ಅನಿಮೇಶನ್ ಮಾಡಲು ಹೋದವರೂ ಇದೇ ಗುಂಡಿಗೆ ಬೀಳುತ್ತಾರೆ. ಅವರಿಗೆ ಬೇಕಾದ್ದು ಸ್ವಿಂಗ್ ಟೈಮರ್. ಯುಟಿಲ್ ಪ್ಯಾಕೇಜ್‌ನಲ್ಲೂ ಟೈಮರ್ ಅನ್ನುವ ಹೆಸರಿನದೇ ಇನ್ನೊಂದಿದೆ, ಅದು ಬೇರೆ ಥ್ರೆಡ್‌ನಲ್ಲಿ ಓಡುತ್ತದೆ. ಇಂಪೋರ್ಟ್ ಸಾಲು ಒಮ್ಮೆ ನೋಡಿಕೊಳ್ಳಿ.

ಹೊತ್ತು ಹಿಡಿಯುವ ಕೆಲಸವನ್ನು ಸ್ವಿಂಗ್‌ವರ್ಕರ್‌ಗೆ ಕೊಡಿ. ಡೂಇನ್‌ಬ್ಯಾಕ್‌ಗ್ರೌಂಡ್ ಬೇರೆ ಥ್ರೆಡ್‌ನಲ್ಲಿ ಓಡುತ್ತದೆ, ಡನ್ ಮತ್ತೆ ಈವೆಂಟ್ ಥ್ರೆಡ್‌ಗೆ ಮರಳುತ್ತದೆ. ಎಚ್ಚರ: ಡನ್ ಒಳಗೆ ಗೆಟ್ ಕರೆಯದಿದ್ದರೆ, ಹಿನ್ನೆಲೆಯಲ್ಲಿ ಬಿದ್ದ ಎಕ್ಸೆಪ್ಶನ್ ಕನ್ಸೋಲ್‌ಗೂ ಬಾರದೆ ಮುಚ್ಚಿಹೋಗುತ್ತದೆ. ಫಲಿತಾಂಶ ಬೇಡದಿದ್ದರೂ ಗೆಟ್ ಕರೆಯಿರಿ.

ಬೇರೆ ಥ್ರೆಡ್‌ನಿಂದ ನೇರ ಕಾಂಪೊನೆಂಟ್ ಮುಟ್ಟಬೇಡಿ, ಇನ್ವೋಕ್‌ಲೇಟರ್ ಮೂಲಕ ಕಳಿಸಿ. ಮೇನ್ ಮೆಥಡ್‌ನಲ್ಲಿ ವಿಂಡೋ ಕಟ್ಟುವುದಕ್ಕೂ ಇದೇ ಮಾತು.

7. ಕ್ಲಿಕ್ ಯಾರ ಮನೆಗೆ ಹೋಯಿತು?

ಮೌಸ್ ಕರ್ಸರ್ ಅಡಿಯಲ್ಲಿ ಪ್ಯಾನೆಲ್, ಅದರ ಮೇಲೆ ಇನ್ನೊಂದು ಪ್ಯಾನೆಲ್, ಅದರ ಮೇಲೆ ಲೇಬಲ್ ಇದೆ ಅನ್ನಿ. ಸ್ವಿಂಗ್ ಎಲ್ಲಕ್ಕಿಂತ ಒಳಗಿನ ಮಗುವಿನಿಂದ ಹುಡುಕುತ್ತದೆ. ಮೌಸ್ ಲಿಸನರ್ ಇರುವ ಮೊದಲ ಕಾಂಪೊನೆಂಟ್‌ಗೆ ಈವೆಂಟ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಅಲ್ಲಿಂದ ತಾಯಿಗೆ ಏರಿ ಹೋಗುವುದಿಲ್ಲ. ವೆಬ್ ಪುಟ ಅಥವಾ ಜಾವಾ ಎಫ್‌ಎಕ್ಸ್ (ವಿಂಡೋ ಕಟ್ಟುವ ಇನ್ನೊಂದು ಜಾವಾ ಲೈಬ್ರರಿ) ಮಾಡಿ ಬಂದವರು ಎಡವುವುದು ಇಲ್ಲೇ, ಅಲ್ಲಿ ಈವೆಂಟ್ ಮೇಲಕ್ಕೆ ಏರುತ್ತದೆ ಅಲ್ವಾ.

ಇದರಲ್ಲಿ ಒಂದು ಮೋಸ ಇದೆ. ಬರೀ ಲೇಬಲ್‌ಗೆ ಲಿಸನರ್ ಇರುವುದಿಲ್ಲ, ಹಾಗಾಗಿ ಕ್ಲಿಕ್ ಅದನ್ನು ದಾಟಿ ತಾಯಿ ಪ್ಯಾನೆಲ್‌ಗೆ ಸಿಗುತ್ತದೆ. ಎಲ್ಲ ಚೆನ್ನಾಗಿದೆ ಅಂದುಕೊಂಡಿರುವಾಗ ಲೇಬಲ್‌ಗೆ ಒಂದು ಟೂಲ್‌ಟಿಪ್ (ಮೌಸ್ ಮೇಲೆ ನಿಂತಾಗ ಕಾಣುವ ಸಣ್ಣ ವಿವರಣೆ) ಹಾಕುತ್ತೀರಿ. ಅಲ್ಲಿಂದ ಲೇಬಲ್ ಮೇಲಿನ ಕ್ಲಿಕ್ ಪ್ಯಾನೆಲ್‌ಗೆ ಬರುವುದು ನಿಂತುಹೋಗುತ್ತದೆ. ಕಾರಣ, ಟೂಲ್‌ಟಿಪ್ ತೋರಿಸಬೇಕಾದರೆ ಮೌಸ್ ಬಂದದ್ದು ಗೊತ್ತಾಗಬೇಕು, ಅದಕ್ಕಾಗಿ ಸ್ವಿಂಗ್ ತಾನೇ ಲೇಬಲ್‌ಗೆ ಮೌಸ್ ಲಿಸನರ್ ಸಿಕ್ಕಿಸುತ್ತದೆ. ನಾನು ಇದಕ್ಕೆ ಅರ್ಧ ದಿನ ಕಳೆದುಕೊಂಡಿದ್ದೇನೆ, ನೀವು ಕಳೆದುಕೊಳ್ಳಬೇಡಿ. ಲೇಬಲ್‌ಗೂ ಅದೇ ಲಿಸನರ್ ಸೇರಿಸಿ, ಇಲ್ಲವೇ ಟೂಲ್‌ಟಿಪ್ಪನ್ನು ಪ್ಯಾನೆಲ್‌ಗೇ ಹಾಕಿ.

ಯಾರು ನುಂಗುತ್ತಿದ್ದಾರೆ ಅಂತ ಕಣ್ಣಾರೆ ನೋಡಬೇಕೇ? ಡಿಫಾಲ್ಟ್ ಟೂಲ್‌ಕಿಟ್‌ಗೆ ಒಂದು ಎಡಬ್ಲ್ಯೂಟಿ (ಸ್ವಿಂಗ್‌ನ ಅಡಿಪಾಯವಾದ ಲೈಬ್ರರಿ) ಈವೆಂಟ್ ಲಿಸನರ್ ಸೇರಿಸಿ, ಯಾವ ಈವೆಂಟ್ ಬೇಕು ಅಂತ ಹೇಳಲು ಮೌಸ್ ಈವೆಂಟ್ ಮಾಸ್ಕ್ ಕೊಡಿ. ಇದು ಇಡೀ ಪ್ರೋಗ್ರಾಮ್‌ನ ಮೌಸ್ ಈವೆಂಟ್‌ಗಳಿಗೆಲ್ಲ ಒಂದೇ ಕಿಂಡಿ. ಬಂದ ಈವೆಂಟ್‌ನ ಸೋರ್ಸ್ ಅಚ್ಚು ಹಾಕಿದರೆ ಯಾವ ಕಾಂಪೊನೆಂಟ್‌ಗೆ ಹೋಯಿತು ಅಂತ ಹೆಸರಿನೊಂದಿಗೆ ಬರುತ್ತದೆ. ಪ್ಯಾನೆಲ್ ಇರಬೇಕಾದ ಕಡೆ ಜೆಲೇಬಲ್ ಅಂತ ಬಂದರೆ ವಿಷಯ ಗೊತ್ತಾಯಿತಲ್ಲ. ಎಲ್ಲ ಕ್ಲಿಕ್ಕೂ ಗ್ಲಾಸ್ ಪೇನ್‌ಗೇ ಹೋಗುತ್ತಿದ್ದರೆ, ಕಾಯುವಾಗ ತಡೆಯಲೆಂದು ಅದಕ್ಕೆ ಲಿಸನರ್ ಹಾಕಿ ತೋರಿಸಿದವರು ಮತ್ತೆ ಅಡಗಿಸಲು ಮರೆತಿದ್ದಾರೆ. ಕೆಲಸ ಮುಗಿದ ಮೇಲೆ ಈ ಪರೀಕ್ಷೆಯ ಲಿಸನರ್ ತೆಗೆಯಿರಿ.

ಮೌಸ್ ಚಕ್ರದ ನಿಯಮ ಮಾತ್ರ ಉಲ್ಟಾ. ಮಗುವಿಗೆ ಚಕ್ರದ ಲಿಸನರ್ ಇಲ್ಲದಿದ್ದರೆ ಈವೆಂಟ್ ತಾಯಿಯ ಕಡೆಗೆ ಏರುತ್ತದೆ, ಸ್ಕ್ರೋಲ್ ಪೇನ್ ಕೆಲಸ ಮಾಡುವುದೇ ಹೀಗೆ. ಜೂಮ್ ಮಾಡಲೆಂದು ಒಳಗಿನ ಪ್ಯಾನೆಲ್‌ಗೆ ಚಕ್ರದ ಲಿಸನರ್ ಹಾಕಿದ ಕೂಡಲೇ ಸ್ಕ್ರೋಲ್ ನಿಲ್ಲುತ್ತದೆ. ಜೂಮ್‌ಗೆ ಸಂಬಂಧವಿಲ್ಲದ ಈವೆಂಟನ್ನು ನೀವೇ ತಾಯಿಗೆ ದಾಟಿಸಬೇಕು.

ಮೌಸ್ ಒತ್ತಿಹಿಡಿದಾಗ ಇನ್ನೊಂದು ನಿಯಮ. ಎಲ್ಲಿ ಒತ್ತಿದಿರೋ, ಬಿಡುವ ತನಕ ಎಳೆತದ ಈವೆಂಟ್‌ಗಳೆಲ್ಲ ಆ ಕಾಂಪೊನೆಂಟ್‌ಗೇ ಹೋಗುತ್ತವೆ, ಕರ್ಸರ್ ಹೊರಗೆ ಹೋದರೂ ಸರಿ. ನೂರು ಲೇಬಲ್‌ಗಳ ಚೌಕಟ್ಟು ಮಾಡಿ ಎಳೆಯುತ್ತಾ ಬಣ್ಣ ತುಂಬಲು ಹೋದರೆ ಮೊದಲ ಚೌಕಕ್ಕೆ ಮಾತ್ರ ಈವೆಂಟ್ ಬರುವುದು ಇದರಿಂದ. ಲೇಬಲ್‌ಗಳಿಗೆ ಲಿಸನರ್ ಬೇಡ. ತಾಯಿ ಪ್ಯಾನೆಲ್‌ಗೆ ಒಂದೇ ಲಿಸನರ್ ಹಾಕಿ, ಗೆಟ್‌ಕಾಂಪೊನೆಂಟ್‌ಅಟ್ ಬಳಸಿ ಕರ್ಸರ್ ಅಡಿಯ ಚೌಕ ಕೇಳಿ.

8. ಸರಿಯಾದ ಈವೆಂಟೇ ಕೇಳುತ್ತಿದ್ದೀರಾ?

ಮೌಸ್‌ಕ್ಲಿಕ್ಡ್ ಅಂದರೆ ಒತ್ತಿ, ಸರಿಸದೆ, ಅಲ್ಲೇ ಬಿಡುವುದು. ಒತ್ತುವಾಗ ಕೈ ಸ್ವಲ್ಪ ಜರುಗಿದರೆ ಅದು ಬಾರದೇ ಹೋಗಬಹುದು. ಎಷ್ಟು ಜರುಗಿದರೆ ಅನ್ನುವುದು ಸಿಸ್ಟಮ್‌ನಿಂದ ಸಿಸ್ಟಮ್‌ಗೆ ಬೇರೆ. "ಹತ್ತರಲ್ಲಿ ಎರಡು ಸಲ ಕ್ಲಿಕ್ ಹತ್ತಲ್ಲ" ಅನ್ನುವವರು ಮೌಸ್‌ಪ್ರೆಸ್ಡ್ ಅಥವಾ ಮೌಸ್‌ರಿಲೀಸ್ಡ್‌ಗೆ ಬದಲಾಯಿಸಿ.

ಮೌಸ್‌ಅಡಾಪ್ಟರ್‌ನಲ್ಲಿ ಮೌಸ್‌ಡ್ರ್ಯಾಗ್ಡ್ ಬರೆದಿದ್ದೀರಿ, ಕರೆಯೇ ಬರುತ್ತಿಲ್ಲ. ಆ್ಯಡ್‌ಮೌಸ್‌ಲಿಸನರ್ ಒಂದನ್ನೇ ಕರೆದಿರುತ್ತೀರಿ. ಚಲನೆಗೆ ಆ್ಯಡ್‌ಮೌಸ್‌ಮೋಶನ್‌ಲಿಸನರ್ ಬೇರೆ ಇದೆ. ಅದೇ ಅಡಾಪ್ಟರನ್ನು ಎರಡಕ್ಕೂ ಕೊಡಬೇಕು.

ಬಟನ್‌ಗೆ ಮೌಸ್ ಲಿಸನರ್ ಬೇಡವೇ ಬೇಡ, ಆ್ಯಕ್ಷನ್ ಲಿಸನರ್ ಹಾಕಿ. ಕೀಬೋರ್ಡ್‌ನ ಸ್ಪೇಸ್ ಒತ್ತಿದರೂ ಅದು ಓಡುತ್ತದೆ. ಇನ್ನೊಂದು ಕಾರಣವೂ ಇದೆ: ಬಟನನ್ನು ಡಿಸೇಬಲ್ ಮಾಡಿದರೂ ಅದರ ಮೌಸ್ ಲಿಸನರ್‌ಗೆ ಈವೆಂಟ್ ಬರುತ್ತಲೇ ಇರುತ್ತದೆ, ಆ್ಯಕ್ಷನ್ ಲಿಸನರ್ ಮಾತ್ರ ಸುಮ್ಮನಾಗುತ್ತದೆ.

ಬಲ ಕ್ಲಿಕ್ ಮೆನು ಒಂದು ಕಂಪ್ಯೂಟರ್‌ನಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಈಸ್‌ಪಾಪ್‌ಅಪ್‌ಟ್ರಿಗರ್ ಎಲ್ಲಿ ಕೇಳಿದ್ದೀರಿ ನೋಡಿ. ವಿಂಡೋಸ್‌ನಲ್ಲಿ ಅದು ಬಿಡುವಾಗ ನಿಜವಾಗುತ್ತದೆ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಒತ್ತುವಾಗ. ಎರಡು ಕಡೆಯೂ ಕೇಳಿ.

9. ಎಳೆದರೆ ನಡುಗುತ್ತಿದೆಯಾ?

ಈವೆಂಟ್ ಬರುತ್ತಿದೆ, ಆದರೆ ಎಳೆದ ಕಾಂಪೊನೆಂಟ್ ಹಿಂದೆ ಮುಂದೆ ಹಾರುತ್ತಿದೆ. ಗೆಟ್‌ಎಕ್ಸ್ ಕೊಡುವುದು ಆ ಕಾಂಪೊನೆಂಟ್‌ನ ಎಡ ಅಂಚಿನಿಂದ ಲೆಕ್ಕ. ಸೆಟ್‌ಲೊಕೇಶನ್ ಕೇಳುವುದು ತಾಯಿಯ ಎಡ ಅಂಚಿನಿಂದ ಲೆಕ್ಕ. ಎರಡನ್ನೂ ಬೆರೆಸಿದ್ದೀರಿ.

ಅಂಕಿ ಹಾಕಿ ನೋಡೋಣ. ಲೇಬಲ್ 100ರಲ್ಲಿದೆ, ಅದರೊಳಗೆ 10ರಲ್ಲಿ ಒತ್ತಿದ್ದೀರಿ. 5 ಪಿಕ್ಸೆಲ್ ಬಲಕ್ಕೆ ಎಳೆದಾಗ ಗೆಟ್‌ಎಕ್ಸ್ 15 ಕೊಡುತ್ತದೆ. ಅದನ್ನೇ ಸೆಟ್‌ಲೊಕೇಶನ್‌ಗೆ ಕೊಟ್ಟರೆ ಲೇಬಲ್ 100ರಿಂದ 15ಕ್ಕೆ ಜಿಗಿಯುತ್ತದೆ. ಇನ್ನೊಂದು ಪಿಕ್ಸೆಲ್ ಎಳೆದಾಗ ಕರ್ಸರ್ ತಾಯಿಯ ಲೆಕ್ಕದಲ್ಲಿ 116, ಲೇಬಲ್‌ನ ಲೆಕ್ಕದಲ್ಲಿ 101. ಲೇಬಲ್ ಮತ್ತೆ 101ಕ್ಕೆ ಹಾರುತ್ತದೆ. ಮುಂದಿನ ಪಿಕ್ಸೆಲ್‌ಗೆ 16. ನಡುಕ ಅಂದರೆ ಇದೇ.

ಒತ್ತಿದಾಗಿನ ಜಾಗವನ್ನು ಫೀಲ್ಡ್‌ನಲ್ಲಿ ಬರೆದಿಟ್ಟುಕೊಳ್ಳಿ. ಎಳೆಯುವಾಗ ಲೇಬಲ್ ಈಗಿರುವ ಜಾಗಕ್ಕೆ ಗೆಟ್‌ಎಕ್ಸ್ ಕೂಡಿಸಿ, ಒತ್ತಿದ ಜಾಗ ಕಳೆಯಿರಿ: 100 ಕೂಡಿಸು 15 ಕಳೆ 10, ಅಂದರೆ 105. ವೈ ಅಕ್ಷಕ್ಕೂ ಹೀಗೇ. ಬೇರೆ ಬೇರೆ ಕಾಂಪೊನೆಂಟ್ ನಡುವೆ ಲೆಕ್ಕ ಬದಲಾಯಿಸಬೇಕಿದ್ದರೆ ಸ್ವಿಂಗ್‌ಯುಟಿಲಿಟೀಸ್‌ನ ಕನ್ವರ್ಟ್‌ಪಾಯಿಂಟ್ ಇದೆ, ಕೈಯಲ್ಲಿ ಕೂಡಿಸಿ ಕಳೆಯಲು ಹೋಗಬೇಡಿ. ಎಳೆದು ಬಿಟ್ಟ ಲೇಬಲ್ ವಿಂಡೋ ಅಳತೆ ಬದಲಾಯಿಸಿದ ಕೂಡಲೇ ಹಳೇ ಜಾಗಕ್ಕೆ ಓಡಿಹೋದರೆ, ಆ ಪ್ಯಾನೆಲ್‌ಗೆ ಇನ್ನೂ ಲೇಔಟ್ ಮ್ಯಾನೇಜರ್ ಇದೆ ಅಂತ ಅರ್ಥ. ಮೇಲೆ ಹೇಳಿದ ನಲ್ ಲೇಔಟ್‌ಗೆ ಜಾಗ ಇರುವುದು ಇಲ್ಲಿ.